ಪೊಲೀಸಮ್ಮನ ಕಾವಲು

ಒಂದು ಗ್ಲಾಸ್ ಜ್ಯೂಸ್ ತಗೊಂಡರೆ ಒಂದು ಗಂಟೆ ಕುರ್ಚಿ. ಜೊತೆಗೊಂದು ಬನ್ ತಗೊಂಡರೆ ಎರಡು ಗಂಟೆ. ಗೋಡೆಗೆ ಬೆನ್ನು ಕೊಟ್ಟು ಕೂರುವ ಮೂಲೆ ಬೇಕೆಂದರೆ ಇನ್ನೂ ಒಂದು ಬನ್. ಜ್ಯೂಸ್ ಅಂಗಡಿಯ ಅಂಕಲ್ ಹಾಗಂತ ಬೋರ್ಡ್ ಹಾಕಿರಲಿಲ್ಲ. ಅವರ ಮುಖ ನೋಡಿದರೇ ಲೆಕ್ಕ ತಿಳಿಯುತ್ತಿತ್ತು.

"ಎರಡು ಬನ್ನೇ ತಗೋ ಅಮ್ಮ. ನಿನ್ನ ಸ್ಕ್ರೀನ್ ಯಾರಿಗೂ ಕಾಣಬಾರದು," ಎಂದಳು ಪೊಲೀಸಮ್ಮ.

ಪೊಲೀಸಮ್ಮನಿಗೆ ಹತ್ತು ವರ್ಷ. ಇಂಟರ್ನೆಟ್ ಕಳ್ಳರ ಬಗ್ಗೆ ಶಾಲೆಯಲ್ಲಿ ಭಾಷಣ ಮಾಡಿ ಕಪ್ ಗೆದ್ದ ದಿನದಿಂದ ಮನೆಯಲ್ಲಿ ಅವಳಿಗೆ ಅದೇ ಹೆಸರು. ಕಪ್ ಅಂಗೈಯಷ್ಟಿತ್ತು. ಜಂಬ ಮಾತ್ರ ಮನೆಯೊಳಗೆ ಹಿಡಿಯುತ್ತಿರಲಿಲ್ಲ.

ಅಮ್ಮ ಕಣ್ಣಿನ ಆಸ್ಪತ್ರೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಯಾವ ರೋಗಿ ಯಾವ ಡಾಕ್ಟರನ್ನು ಎಷ್ಟು ಹೊತ್ತಿಗೆ ನೋಡಬೇಕೆಂದು ಗೊತ್ತುಮಾಡುವ ಕೆಲಸ. ಸೇರಿ ಒಂದೇ ತಿಂಗಳಾಗಿತ್ತು. ಕೆಲಸ ಮೆಚ್ಚಿಗೆಯಾದರೆ ಮಾತ್ರ ಕಾಯಂ. ಇವತ್ತು ನೋಡಿದರೆ, ಬೀದಿ ಅಗೆಯುವವರು ಇಂಟರ್ನೆಟ್ ವೈರನ್ನೇ ಕತ್ತರಿಸಿಬಿಟ್ಟಿದ್ದರು. ಅದಕ್ಕೇ ಅಂಗಡಿಯ ವೈಫೈ ನಂಬಿಕೊಂಡು ಇಬ್ಬರೂ ಇಲ್ಲಿಗೆ ಬಂದಿದ್ದರು.

"ಅಂಗಡಿ ವೈಫೈ ಬೇಡ. ನಿನ್ನ ಫೋನಿಂದಲೇ ನೆಟ್ ತಗೋ."

"ಆಗಲಿ ತಾಯಿ."

"ಆ ಹಳದಿ ಅಂಗಿ ಅಂಕಲ್ ಆಗಿಂದ ಇತ್ತ ಕಡೆನೇ ನೋಡ್ತಿದ್ದಾರೆ."

"ಅವರು ಗಡಿಯಾರ ನೋಡ್ತಿದ್ದಾರೆ ಕಣೇ. ನಮ್ಮ ತಲೆ ಮೇಲೇ ಇದೆ."

ಫೋನಿನ ಚಾರ್ಜ್ ಮುಗಿಯುತ್ತ ಬಂದಿತ್ತು. ಪ್ಲಗ್ ಇದ್ದದ್ದು ಅಂಗಡಿಯ ಆ ತುದಿಯಲ್ಲಿ, ಗಲ್ಲಾ ಪಕ್ಕ. ಪೊಲೀಸಮ್ಮ ಫೋನನ್ನು ಅಲ್ಲಿ ಚಾರ್ಜಿಗಿಟ್ಟು, ಎದೆ ಸೆಟೆಸಿ ಕಾವಲು ನಿಂತಳು. ಹಳದಿ ಅಂಗಿಯ ಮೇಲೊಂದು ಕಣ್ಣು, ತನ್ನ ಜ್ಯೂಸಿನ ಮೇಲೊಂದು ಕಣ್ಣು.

ಅಮ್ಮ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಪಾಸ್‌ವರ್ಡ್ ಒತ್ತಿದಳು. ತಪ್ಪು. ಮತ್ತೆ ಒತ್ತಿದಳು. ತಪ್ಪು.

ಅದಕ್ಕೂ ಪೊಲೀಸಮ್ಮನೇ ಕಾರಣ. "ನನ್ನ ಬರ್ತ್‌ಡೇನ ಪಾಸ್‌ವರ್ಡ್ ಮಾಡ್ಕೊಂಡಿದ್ದೀಯಲ್ಲ, ಕಳ್ಳ ಕಣ್ಣು ಮುಚ್ಚಿಕೊಂಡು ಒಳಗೆ ಬರ್ತಾನೆ," ಎಂದು ನಿನ್ನೆ ಹಟ ಹಿಡಿದು ಬದಲಾಯಿಸಿದ್ದಳು. ಹೊಸದು ಯಾವ ಕಳ್ಳನಿಗೂ ಹೊಳೆಯುವಂಥದ್ದಲ್ಲ. ಬೆಳಗಾಗುವಷ್ಟರಲ್ಲಿ ಅಮ್ಮನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮೂರನೇ ಸಲವೂ ತಪ್ಪಾಗಿ ಲಾಕ್ ಆಯಿತು.

ಅಮ್ಮ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ಗಲ್ಲಾ ಪಕ್ಕದಿಂದ ಆಫೀಸಿನ ಮೇಡಂಗೆ ಮೆಲ್ಲಗೆ ಫೋನ್ ಮಾಡಿದಳು. "ಕಳ್ಳರಿಗೆ ಅಂತ ಬೀಗ ಹಾಕ್ದೆ ಮೇಡಂ, ನಾನೇ ಹೊರಗೆ ಉಳಿದೆ." ಹೊಸ ಪಾಸ್‌ವರ್ಡ್ ಮೆಸೇಜ್ ಮಾಡುತ್ತೇನೆಂದು ಮೇಡಂ ಹೇಳಿದರು. ಅಮ್ಮ ಮೂಲೆಗೆ ವಾಪಸ್ ಹೋದಳು.

ಟಿಣ್ ಎಂದಿತು ಫೋನು.

"ಬಂತಾ?" ಅಮ್ಮ ಅಲ್ಲಿಂದಲೇ ಕೇಳಿದಳು.

"ಬಂತು. ಬರ್ಕೋ ಅಮ್ಮ," ಎಂದು ಪೊಲೀಸಮ್ಮ ಕಪ್ ಗೆದ್ದ ದನಿಯಲ್ಲಿ ಶುರುಮಾಡಿದಳು. "ದೊಡ್ಡ ಎಂ. ಚಿಕ್ಕ ಕೆ. ಸ್ಟಾರ್..."

ಅಮ್ಮ ಎರಡೂ ಕೈ ಬೀಸಿದಳು. ಕೇಳಿಸಲಿಲ್ಲವೇನೋ ಅಂದುಕೊಂಡ ಪೊಲೀಸಮ್ಮ ದನಿ ಏರಿಸಿದಳು. "ಸ್ಟಾರ್! ಏಳು ನಾಲ್ಕು ಏಳು!"

ಮಿಕ್ಸರ್ ನಿಂತಿತು. ಜ್ಯೂಸ್ ಅಂಕಲ್ ತಿರುಗಿ ನೋಡಿದರು. ಕಿಟಕಿಯ ಬಳಿ ಕೂತಿದ್ದ ಪುಟ್ಟ ಮಗುವೊಂದು ಚಮಚದಿಂದ ಮೇಜು ಬಡಿಯುತ್ತ, "ಏಳು ನಾಕು ಏಳು, ಏಳು ನಾಕು ಏಳು," ಎಂದು ಹಾಡತೊಡಗಿತು.

ಹಳದಿ ಅಂಗಿಯವರು ಕಿವಿಯಿಂದ ಇಯರ್‌ಫೋನ್ ತೆಗೆದರು. "ಚಿಕ್ಕದು ಯಾವುದು ಮಗೂ, ಕೆ ತಾನೇ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಪೊಲೀಸಮ್ಮನ ಕಿವಿ ಬಿಸಿಯಾಯಿತು. ಕಾಲೆಳೆದುಕೊಂಡು ಫೋನನ್ನು ಅಮ್ಮನ ಬಳಿ ತಂದಳು.

"ಇವರ್ಯಾರೂ ಕಳ್ಳರಲ್ಲ ಅಲ್ವಾ ಅಮ್ಮ? ಸುಮ್ಮನೆ ಅದನ್ನೇ ಹಾಕಿಬಿಡು."

"ಅಲ್ಲದೇ ಇರಬಹುದು. ಆದ್ರೆ ಅದರೊಳಗೆ ಇರೋದು ನನ್ನ ವಿಷಯ ಅಲ್ಲ ಪುಟ್ಟ, ರೋಗಿಗಳದ್ದು."

"ಮೇಡಂಗೆ ಹೇಳಿದ್ರೆ ಕೆಲಸದಿಂದ ತೆಗೀತಾರಾ?"

"ಗೊತ್ತಿಲ್ಲ."

ಅಮ್ಮ ಮತ್ತೆ ಫೋನ್ ಮಾಡಿದಳು. "ಮೇಡಂ, ನನ್ನಿಂದ ತಪ್ಪಾಯ್ತು. ನೀವು ಕಳಿಸಿದ ಪಾಸ್‌ವರ್ಡ್ ನಾಲ್ಕು ಜನರ ಕಿವಿಗೆ ಬಿತ್ತು."

ನನ್ನಿಂದ! ಪೊಲೀಸಮ್ಮ ಅಮ್ಮನ ಮುಖ ನೋಡಿದಳು. ಆಮೇಲೆ ಬಾಯಿಯನ್ನು ಫೋನಿನ ಹತ್ತಿರ ತಂದು, ಇಡೀ ದಿನದಲ್ಲಿ ಮೊದಲ ಸಲ ಪಿಸುಗುಟ್ಟಿದಳು. "ಮೇಡಂ, ಕೂಗಿದ್ದು ಅಮ್ಮ ಅಲ್ಲ, ನಾನು."

ಮೇಡಂ ಅಂದರು: "ಹೇಳಿದ್ದು ಒಳ್ಳೆಯದಾಯ್ತು. ಅದನ್ನು ಈಗಲೇ ರದ್ದು ಮಾಡ್ತೀನಿ. ಮಧ್ಯಾಹ್ನ ಬೇರೆಯದು ಬರುತ್ತೆ. ಅಲ್ಲಿವರೆಗೆ ನಿಮ್ಮಮ್ಮನಿಗೆ ಅರ್ಧ ದಿನ ರಜೆ, ಸಂಬಳ ಇಲ್ಲ."

ಇಬ್ಬರೂ ಬನ್ ತಿಂದರು.

"ಇವತ್ತೊಂದಿನ ಪೊಲೀಸಮ್ಮ ಅನ್ನಬೇಡ."

"ಮತ್ತೇನು ಅನ್ನಲಿ?"

"ಮೈಕ್‌ಸೆಟ್."

ಅಮ್ಮನಿಗೆ ಜ್ಯೂಸ್ ನೆತ್ತಿಗೇರಿತು.

ಮಧ್ಯಾಹ್ನ, ಗಲ್ಲಾ ಪಕ್ಕದಲ್ಲಿ ಮತ್ತೆ ಚಾರ್ಜಿಗಿಟ್ಟಿದ್ದ ಫೋನು ಟಿಣ್ ಎಂದಿತು. ಮೈಕ್‌ಸೆಟ್ ಅದನ್ನು ಪ್ಲಗ್ಗಿನಿಂದ ಬಿಡಿಸಿ, ಮುಖ ಕೆಳಗೆ ಮಾಡಿ ಹಿಡಿದು, ತಾನೂ ನೋಡದೆ ತಂದು ಅಮ್ಮನ ಕೈಗಿಟ್ಟಳು.

ಅವತ್ತು ಅಮ್ಮನ ಅರ್ಧ ದಿನದ ಸಂಬಳ ಹೋಯಿತು. ಕೆಲಸ ಉಳಿಯಿತು.