ಸೂರ್ಯನೂರಿನ ಮೆಟ್ಟಿಲುಗಳು

ಬಲು ಹಿಂದೆ, ಏಳು ಕಡಲುಗಳ ಆಚೆ, ಮುಗಿಲಿಗೆ ತಲೆ ತಗಲುವಂಥ ಬೆಟ್ಟಗಳ ಒಂದು ರಾಜ್ಯವಿತ್ತು. ಅದಕ್ಕೂ ಹಿಂದೆ ಆ ನಾಡನ್ನು ಇಂಕಾ ಅರಸರು ಆಳಿದ್ದರು. ಎಲ್ಲಕ್ಕಿಂತ ಎತ್ತರದ ಬೆಟ್ಟದ ನೆತ್ತಿಯ ಮೇಲೆ ಅವರು ಒಂದು ಊರು ಕಟ್ಟಿಸಿದ್ದರು. ಗಾರೆಯಿಲ್ಲ, ಸುಣ್ಣವಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿದ ಸಂದಿಯಲ್ಲಿ ಹುಲ್ಲುಕಡ್ಡಿಯೂ ತೂರದು. ಅರಸರು ಹೋದರು, ಸೂರುಗಳು ಬಿದ್ದವು, ಗೋಡೆಗಳು ಮಾತ್ರ ನಿಂತವು. ಜನ ಅದನ್ನು ಸೂರ್ಯನೂರು ಎಂದು ಕರೆಯುತ್ತಿದ್ದರು.

ಅರಸರು ಕಟ್ಟಿಸಿದರು ಎಂದೆ. ಕಟ್ಟಿದವರು ಬೇರೆ. ಕಲ್ಲು ಒಡೆದವರು, ಕೆತ್ತಿದವರು, ಬೆನ್ನ ಮೇಲೆ ಹೊತ್ತು ಮೇಲಕ್ಕೇರಿಸಿದವರು ಕೆಳಗಿನ ಕಣಿವೆಯ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಬರುವ ದೊಡ್ಡ ಮನುಷ್ಯರು ಯಾರೂ ಇದನ್ನು ಹೇಳುವವರಲ್ಲ.

ಸೂರ್ಯನೂರನ್ನು ನೋಡಲು ದೇಶದೇಶದ ಸಿರಿವಂತರು ಬರುತ್ತಿದ್ದರು. ಮೂರು ದಿನದ ಏರುದಾರಿ. ದಾರಿ ತೋರಿಸುವವನು ತಿಟು ದಣಿ ಎಂಬವನು. ಬಾಯಿ ಬಿಟ್ಟರೆ ಬೆಣ್ಣೆಯಂಥ ಮಾತು, ಒಳಗೆ ನಂಜು. ಅವನು ದೊಡ್ಡ ಮಾಯಾವಿ, ಆದರೆ ಅದು ಯಾರಿಗೂ ಗೊತ್ತಿರಲಿಲ್ಲ. ಬೆಳ್ಳಿಯ ಕೋಲು ಊರಿಕೊಂಡು ಅವನು ಮುಂದೆ, ಕುರ್ಚಿಯಲ್ಲೋ ಕಾಲ್ನಡಿಗೆಯಲ್ಲೋ ಅತಿಥಿಗಳು ಹಿಂದೆ, ಎಲ್ಲರ ಹಿಂದೆ ಹೊರೆಯವರು. ಅತಿಥಿಗಳ ಹಾಸಿಗೆ, ಕನ್ನಡಿ, ಬಟ್ಟಲು, ಅವರ ನಾಯಿ, ಆ ನಾಯಿಯ ಹಾಸಿಗೆ, ಎಲ್ಲ ಕಣಿವೆಯವರ ಬೆನ್ನ ಮೇಲೆ. ಮೇಲೆ ಹೋದ ಮೇಲೆ ಅವರನ್ನು ಊರೊಳಗೆ ಬಿಡುತ್ತಿದ್ದನೇ? ಇಲ್ಲ. ಸೂರ್ಯಬಾಗಿಲ ಮುಂದೆ ಹೊರೆ ಇಳಿಸಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಬೆವರಿನ ವಾಸನೆ ಅತಿಥಿಗಳಿಗೆ ಆಗುವುದಿಲ್ಲವಂತೆ!

ಇದನ್ನೂ ಸಹಿಸಬಹುದಿತ್ತು. ಆದರೆ ಪ್ರತಿ ಯಾತ್ರೆಯಲ್ಲೂ ಒಬ್ಬ ಹೊರೆಯವನು ಹಿಂದಿರುಗುತ್ತಿರಲಿಲ್ಲ. "ಕಾಲು ಜಾರಿ ಕಮರಿಗೆ ಬಿದ್ದ, ಪಾಪ," ಎಂದು ತಿಟು ದಣಿ ಸತ್ತವನ ಮನೆಗೆ ಒಂದು ಕಂಬಳಿ ಕಳಿಸುತ್ತಿದ್ದ. ಒಂದು ಜೀವಕ್ಕೆ ಒಂದು ಕಂಬಳಿ!

ಹಿಂದಿನ ಯಾತ್ರೆಯ ಕಂಬಳಿ ಬಂದದ್ದು ಉರ್ಪಿಯ ಮನೆಗೆ. ಹೋದವನು ಅವಳ ತಮ್ಮ ಸಾಯ್ರಿ. ತಾಯಿ ಆ ಕಂಬಳಿಯನ್ನು ಮುಟ್ಟಲಿಲ್ಲ.

"ನಡೆಯೋಕೆ ಕಲಿಯೋ ಮುಂಚೆ ಬೆಟ್ಟ ಹತ್ತಿದ ಮಗ ಅವ್ನು. ಅವ್ನ ಕಾಲು ಜಾರ್ತಂತಾ? ಯಾರಿಗೆ ಹೇಳ್ತಾನೆ ಈ ಸುಳ್ಳನ್ನ?" ಎಂದಳು. ಅಂದಿನಿಂದ ಅವಳು ಸರಿಯಾಗಿ ಉಣ್ಣಲಿಲ್ಲ. ಎದುರಿಗೆ ಬೇಯಿಸಿದ ಆಲೂಗಡ್ಡೆ ಇಟ್ಟರೆ ಅದು ಅಲ್ಲೇ ಆರುತ್ತಿತ್ತು.

ಉರ್ಪಿ ಸುಮ್ಮನೆ ಕೂರಲಿಲ್ಲ. ತಮ್ಮ ಬದುಕಿದ್ದರೆ ಕರೆತರುತ್ತೇನೆ, ಸತ್ತಿದ್ದರೆ ಹೇಗೆ ಸತ್ತ ಎಂದು ತಿಳಿದು ಬರುತ್ತೇನೆ ಎಂದು ಹಗ್ಗ, ಹೆಗಲಪಟ್ಟಿ ತೆಗೆದುಕೊಂಡು ಮುಂದಿನ ಯಾತ್ರೆಗೆ ಹೊರಟಳು.

ಇಂಥ ಕತೆಗಳಲ್ಲಿ ಒಬ್ಬ ರಾಜಕುಮಾರ ಇರಲೇಬೇಕಲ್ಲ? ಇದರಲ್ಲೂ ಇದ್ದಾನೆ. ಕುರ್ಚಿಯಲ್ಲಿ ಕೂತಿದ್ದಾನೆ. ನಾಲ್ವರು ಹೊತ್ತಿದ್ದಾರೆ. ಬೆಟ್ಟದ ಮೇಲೂ ಬಿಸಿನೀರಿನ ಸ್ನಾನ ಬೇಕೆಂದು ಒಂದು ತಾಮ್ರದ ತೊಟ್ಟಿ ತಂದಿದ್ದಾನೆ. ಆ ತೊಟ್ಟಿ ಉರ್ಪಿಯ ಪಾಲಿಗೆ ಬಂತು.

ಹೊರಡುವ ಮುಂಚೆ ತಿಟು ದಣಿ ಹೊರೆಯವರಿಗೆಲ್ಲ ದಪ್ಪ ತೊಗಲಿನ ಹೊಸ ಮೆಟ್ಟು ಹಂಚಿದ. "ಎಂಥ ದೊಡ್ಡ ಮನಸ್ಸು!" ಎಂದು ಅತಿಥಿಗಳು ಕೊಂಡಾಡಿದರು. ಆಮೇಲೆ ಅವನು ಹೊರೆಯವರನ್ನು ಪಕ್ಕಕ್ಕೆ ಕರೆದು ಹೇಳಿದ:

"ದಾರೀಲಿ ಮೂರು ಪ್ರಾಣಿ ಸಿಗ್ತವೆ. ಹೊರೆ ಯಾರದು ಅಂತ ಕೇಳ್ತವೆ. ಮೂರಕ್ಕೂ ನಮ್ಮದೇ ಅನ್ನಿ. ಬೇರೆ ಏನಾದ್ರೂ ಅಂದ್ರೋ, ಅತಿಥಿಗಳನ್ನ ಹರಿದು ತಿಂತವೆ. ನಂಬಿ ಬಂದವರನ್ನ ಕೊಂದ ಪಾಪ ನಿಮ್ಮ ತಲೆಗೆ."

ಆ ಜನಕ್ಕೆ ಇಷ್ಟು ಹೇಳಿದರೆ ಸಾಕಿತ್ತು. ಮನೆಗೆ ಬಂದವರಿಗೆ ಮುಳ್ಳು ಚುಚ್ಚಿದರೂ ತಮ್ಮ ಕಣ್ಣಲ್ಲಿ ನೀರು ತಂದುಕೊಳ್ಳುವವರು. ಅವರ ಒಳ್ಳೆಯತನವನ್ನೇ ಹಗ್ಗ ಮಾಡಿ ಅವರ ಕೊರಳಿಗೆ ಹಾಕಿದ್ದ ಆ ಪಾಪಿ.

ಹೊಳೆಯ ದಂಡೆಯಲ್ಲಿ ಎಲ್ಲರೂ ಒಂದೊಂದು ಸಣ್ಣ ಕಲ್ಲು ಆರಿಸಿಕೊಂಡರು. ಅದು ಕಣಿವೆಯ ಪದ್ಧತಿ. ಬೆಟ್ಟ ಹತ್ತುವವರು ತಮ್ಮ ಆಯಾಸ, ತಮ್ಮ ತಪ್ಪು, ಎಲ್ಲವನ್ನೂ ಆ ಕಲ್ಲಿನ ಕಿವಿಗೆ ಹೇಳಿ, ತಾವೇ ಹೊತ್ತು, ಬೆಟ್ಟದಾರಿಯ ನೆತ್ತಿಯಲ್ಲಿ ಇಡಬೇಕು. ಆಗ ಬೆಟ್ಟ ಅದನ್ನು ತೆಗೆದುಕೊಳ್ಳುತ್ತದೆ. ಇನ್ನೊಬ್ಬರ ಮೂಟೆ ಹೊರಬಹುದು, ಕೂಸು ಹೊರಬಹುದು, ಹೆಣವನ್ನೂ ಹೊರಬಹುದು. ಇನ್ನೊಬ್ಬರ ಕಲ್ಲು ಮಾತ್ರ ಹೊರಬಾರದು. ಅತಿಥಿಗಳು ಇದನ್ನು ನೋಡಿ ನಕ್ಕರು. ತಿಟು ದಣಿ ಕಲ್ಲು ಆರಿಸಲಿಲ್ಲ.

ಮೊದಲ ದಿನ ಹುಲ್ಲುಹಗ್ಗದ ಸೇತುವೆ ಬಂತು. ಸೇತುವೆಯ ತುದಿಯಲ್ಲಿ ಕರುವಿನಷ್ಟು ಎತ್ತರದ ಬೆಟ್ಟದ ಸಿಂಹ ಕೂತಿತ್ತು.

"ಹೊರೆ ಯಾರದು?" ಎಂದು ಕೇಳಿತು.

"ನಮ್ಮದೇ," ಎಂದರು ಹೊರೆಯವರು. ಉರ್ಪಿಯೂ ಅಂದಳು. ಸಿಂಹ ದಾರಿ ಬಿಟ್ಟಿತು. ಉರ್ಪಿಗೆ ಬೆನ್ನ ಮೇಲಿನ ತೊಟ್ಟಿ ಒಂದು ಹಿಡಿ ಭಾರವಾದಂತೆ ಅನ್ನಿಸಿತು.

ಎರಡನೆಯ ದಿನ ಉಸಿರು ಕಟ್ಟುವಷ್ಟು ಎತ್ತರದ ದಾರಿ, ಬೆಟ್ಟದಾರಿಯ ನೆತ್ತಿ. ಎಲ್ಲರೂ ತಮ್ಮ ತಮ್ಮ ಕಲ್ಲನ್ನು ಅಲ್ಲಿನ ಗುಡ್ಡೆಗೆ ಸೇರಿಸಿದರು. ಬಂಡೆಯ ಮೇಲೆ ದೊಡ್ಡ ರಣಹದ್ದು ಕೂತಿತ್ತು. ರೆಕ್ಕೆ ಬಿಚ್ಚಿದರೆ ದಾರಿಯೆಲ್ಲ ನೆರಳು.

"ಹೊರೆ ಯಾರದು?" ಎಂದು ಕೇಳಿತು.

ಅಷ್ಟು ಹೊತ್ತಿಗೆ ಒಬ್ಬ ಹೊರೆಯವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅತಿಥಿಗಳು ಗಾಳಿ ಎಷ್ಟು ಶುದ್ಧ ಎಂದು ಮಾತಾಡಿಕೊಳ್ಳುತ್ತಿದ್ದರು. ಉರ್ಪಿಗೆ ಮೈಯೆಲ್ಲ ಉರಿಯಿತು. ಆದರೂ ಅತಿಥಿಗಳ ಜೀವ ಎಂದುಕೊಂಡು ಹಲ್ಲು ಕಚ್ಚಿ "ನಮ್ಮದೇ" ಅಂದಳು. ಹದ್ದು ರೆಕ್ಕೆ ಮಡಚಿತು. ತೊಟ್ಟಿ ಇನ್ನೂ ಭಾರವಾಯಿತು. ಇಳಿಜಾರಿನಲ್ಲಿ ಅವಳ ಒಂದು ಮೆಟ್ಟಿನ ಪಟ್ಟಿ ಕಿತ್ತುಹೋಯಿತು. ಒಂದು ಕಾಲಿಗೆ ಇದ್ದು ಒಂದಕ್ಕಿಲ್ಲದೆ ನಡೆಯುವುದು ಹೇಗೆ? ಎರಡನ್ನೂ ಬಿಸಾಕಿ ಬರಿಗಾಲಲ್ಲಿ ನಡೆದಳು.

ಮೂರನೆಯ ದಿನ ಬೆಳಗ್ಗೆ ಸೂರ್ಯಬಾಗಿಲಿಗೆ ಏರುವ ಕಲ್ಲುಮೆಟ್ಟಿಲು ಬಂತು. ಒಂದೊಂದು ಮೆಟ್ಟಿಲೂ ನುಣುಪಾಗಿ, ಹೊಸದಾಗಿ ಕೆತ್ತಿದ ಹಾಗಿತ್ತು. ರಾಜಕುಮಾರ ಕುರ್ಚಿಯಿಂದ ಬಗ್ಗಿ ನೋಡಿ, "ಭಲೇ! ಪುರಾತನರ ಕೈಚಳಕವೇ ಕೈಚಳಕ," ಅಂದ.

"ನಾನೇ ರಿಪೇರಿ ಮಾಡಿಸ್ತಾ ಇರ್ತೀನಿ ಪ್ರಭು," ಎಂದ ತಿಟು ದಣಿ.

ಉರ್ಪಿ ಮೊದಲ ಮೆಟ್ಟಿಲ ಮೇಲೆ ಬರಿಗಾಲಿಟ್ಟಳು. ಕಲ್ಲು ಬೆಚ್ಚಗಿತ್ತು. ಎರಡನೆಯದರ ಮೇಲಿಟ್ಟಳು. ಯಾರೋ ಉಸಿರಾಡಿದ ಹಾಗಾಯಿತು. ನಡುವಿನ ಒಂದು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅದು ಮಾತಾಡಿತು.

"ಉರ್ಪಕ್ಕಾ, ನಿಧಾನ. ನನ್ನ ಅಂಚು ಜಾರುತ್ತೆ."

ಸಾಯ್ರಿಯ ದನಿ. ತಾನು ಕಲ್ಲಾಗಿ ಬಿದ್ದಿದ್ದರೂ ಅಕ್ಕನ ಕಾಲು ಜಾರೀತೆಂಬ ಚಿಂತೆ ಅವನಿಗೆ! ಉರ್ಪಿ ಅಲ್ಲೇ ಮಂಡಿಯೂರಿ ಕೂತುಬಿಟ್ಟಳು.

"ಇದೇನಾಯ್ತೋ ನಿಂಗೆ? ಯಾರು ಹಿಂಗೆ ಮಾಡಿದ್ರು?"

"ಹೊರೆ ಬಿಚ್ಚಿ ನೋಡು. ದಣಿ ಕಲ್ಲು ಅದ್ರೊಳಗಿದೆ. ಮೂರು ಸಲ ನಮ್ಮದೇ ಅಂದ್ರೆ ಅವ್ನ ಪಾಪ ಆ ಕಲ್ಲು ಹೊತ್ತವರದಾಗುತ್ತೆ, ಅವರು ಮೆಟ್ಟಿಲಾಗ್ತಾರೆ. ದಪ್ಪ ಮೆಟ್ಟು ಹಾಕ್ಕೊಂಡವರಿಗೆ ನಮ್ಮ ಕೂಗು ಕೇಳ್ಸಲ್ಲಕ್ಕ. ಎಷ್ಟು ಕೂಗಿದೆ ಗೊತ್ತಾ? ಎಲ್ಲಾ ನನ್ನ ತುಳ್ಕೊಂಡು ಹೋದ್ರು."

ಉರ್ಪಿ ಕಣ್ಣೊರೆಸಿಕೊಂಡು, ಅತಿಥಿಗಳೂ ದಣಿಯೂ ದೂರ ಕೂತು ಉಣ್ಣುವಾಗ, ನಡುದಾರಿಯ ಕಟ್ಟೆಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಹೊರೆಯವರ ನಡುವೆ ತೊಟ್ಟಿಯ ಕಟ್ಟು ಬಿಚ್ಚಿದಳು. ರಾಜಕುಮಾರನ ರೇಷ್ಮೆ ಬಟ್ಟೆಗಳ ನಡುವೆ ಒಂದು ಕಪ್ಪು ಕಲ್ಲಿತ್ತು. ಮುಟ್ಟಿದರೆ ಹೆಣದಷ್ಟು ತಣ್ಣಗೆ. ಅದರ ಮೇಲೆ ತಿಟು ದಣಿಯ ಉಂಗುರದ ಗುರುತು.

ಅವಳು ಅದನ್ನು ಎಲ್ಲರಿಗೂ ತೋರಿಸಿದಳು. ತಮ್ಮನ ಮಾತು ಹೇಳಿದಳು. ನಂಬದವರು ಮೆಟ್ಟು ಬಿಚ್ಚಿ ಮೆಟ್ಟಿಲ ಮೇಲೆ ನಿಂತರು. ಒಬ್ಬನಿಗೆ ಕಳೆದುಹೋದ ಅಣ್ಣನ ದನಿ ಕೇಳಿತು, ಒಬ್ಬನಿಗೆ ಅಪ್ಪನದು. ಗಟ್ಟಿಮುಟ್ಟಾದ ಗಂಡಸರು ಗೊಳೋ ಎಂದು ಅತ್ತರು. ಮಲ್ಕು ಅಜ್ಜ ಒಬ್ಬ ಮಾತ್ರ ಮೆಟ್ಟು ಬಿಚ್ಚಲಿಲ್ಲ. ಮೂವತ್ತು ವರ್ಷದಿಂದ ಹೊರೆಯವರ ಮುಂದಾಳು ಅವನು.

"ಸುಮ್ನಿರವ್ವ, ಇನ್ನೊಂದು ಸಲ ನಮ್ಮದೇ ಅಂದುಬಿಡಾಣ," ಎಂದ. "ಬಾಗಿಲಲ್ಲಿರೋ ಹಾವು ಅತಿಥಿಗಳನ್ನ ತಿಂದ್ರೆ?"

"ಇಷ್ಟು ವರ್ಷ ನಮ್ಮವರನ್ನ ತಿಂದನಲ್ಲ ಅಜ್ಜ, ಆಗ ಯಾಕೆ ಕೇಳ್ಲಿಲ್ಲ ನೀನು? ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ," ಎಂದ ಅಜ್ಜ. ಆಮೇಲೆ ತಲೆ ತಗ್ಗಿಸಿ, "ಗೊತ್ತು ಮಾಡ್ಕೊಳ್ಳೋಕೆ ಹೆದರಿಕೆಯಿತ್ತು," ಎಂದ. ಉರ್ಪಿ ಅವನ ಕಡೆ ನೋಡಲಿಲ್ಲ. ಕಲ್ಲನ್ನು ಇದ್ದಂತೆಯೇ ಕಟ್ಟಿ ಬೆನ್ನಿಗೇರಿಸಿಕೊಂಡಳು.

ಮೆಟ್ಟಿಲ ತುದಿಯಲ್ಲಿ ಸೂರ್ಯಬಾಗಿಲು. ಬಾಗಿಲ ಕಂಬಕ್ಕೆ ಸುತ್ತಿಕೊಂಡು ಮಹಾಸರ್ಪ ಮಲಗಿತ್ತು. ಹೆಡೆಯೆತ್ತಿ ಕೇಳಿತು.

"ಹೊರೆ ಯಾರದು?"

"ನಮ್ಮದಲ್ಲ!" ಎಂದಳು ಉರ್ಪಿ.

ಅತಿಥಿಗಳು ಕಿಟಾರನೆ ಕಿರುಚಿಕೊಂಡರು. ತಿಟು ದಣಿಯ ಮುಖ ಕಪ್ಪಿಟ್ಟಿತು.

"ಏನೇ ಅಂದೆ? ಉಂಡ ಮನೆಗೆ ಎರಡು ಬಗೀತೀಯಾ? ನನ್ನ ಅನ್ನ ತಿಂದು..."

"ನಿನ್ನ ಅನ್ನವಾ? ಆಲೂಗಡ್ಡೆ ನೆಟ್ಟವರು ನಾವು, ಕಿತ್ತವರು ನಾವು, ಹೊತ್ತವರು ನಾವು, ಬೇಯಿಸಿ ನಿನ್ನ ಬಾಯಿಗಿಟ್ಟವರೂ ನಾವು. ನೀನು ಮಾಡಿದ್ದೇನು? ಕೋಲು ತೋರಿಸಿದ್ದು! ನಮ್ಮ ಮಕ್ಕಳನ್ನ ಮೆಟ್ಟಿಲು ಮಾಡಿ ಅವರ ಮನೆಗೆ ಕಂಬಳಿ ಕಳಿಸಿದೆಯಲ್ಲ, ನಾಚ್ಕೆ ಆಗ್ಲಿಲ್ವಾ ನಿಂಗೆ?"

ತಿಟು ದಣಿ ನಕ್ಕ. "ಇವಳೊಬ್ಬಳು ಅಂದ್ರೆ ಏನಾಯ್ತು? ಒಬ್ಬ ಒಪ್ಪಿದ್ರೂ ಸಾಕು, ಹೊರೆ ನಿಮ್ಮೆಲ್ಲರದು. ಕೇಳು ಸರ್ಪವೇ, ಒಬ್ಬೊಬ್ಬರನ್ನೇ ಕೇಳು."

ಸರ್ಪ ಕೇಳುತ್ತ ಹೋಯಿತು. "ನನ್ನದಲ್ಲ," ಎಂದ ಮೊದಲನೆಯವನು. "ನನ್ನದಲ್ಲ," ಎಂದ ಮೂಗಿನಲ್ಲಿ ರಕ್ತ ಒಣಗಿದವನು. ಕುರ್ಚಿ ಹೊತ್ತ ನಾಲ್ವರೂ ಅದನ್ನೇ ಅಂದರು. ಕೊನೆಗೆ ಮಲ್ಕು ಅಜ್ಜ ಉಳಿದ. ತಿಟು ದಣಿ ಅವನನ್ನು ನೋಡಿ ಮೆಲ್ಲಗೆ, "ಮಲ್ಕು, ನೀನು ನನ್ನವನು," ಎಂದ.

ಅಜ್ಜ ಬಗ್ಗಿ, ನಿಧಾನವಾಗಿ ಎರಡೂ ಮೆಟ್ಟು ಬಿಚ್ಚಿದ. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತ. ಏನು ಕೇಳಿಸಿತೋ, ಅವನ ಕಣ್ಣಿಂದ ನೀರು ದಳದಳ ಇಳಿಯಿತು.

"ಮೂವತ್ತು ವರ್ಷ ಸುಳ್ಳು ಹೇಳ್ದೆ," ಎಂದ. "ಹೊರೆ ನನ್ನದಲ್ಲ. ದಣೀದು. ಯಾವತ್ತೂ ಅವನದೇ."

ಸರ್ಪ ದೀರ್ಘವಾಗಿ ಉಸಿರು ಬಿಟ್ಟಿತು. "ನಾನು ಯಾರನ್ನೂ ತಿನ್ನುವವನಲ್ಲ. ಈ ಮಾಯಾವಿ ನಮ್ಮ ಮೂವರನ್ನೂ ಈ ಪ್ರಶ್ನೆಗೆ ಕಟ್ಟಿಹಾಕಿದ್ದ. ನಿಜವಾದ ಉತ್ತರ ಬರುವ ತನಕ ನಮಗೆ ಬಿಡುಗಡೆಯಿರಲಿಲ್ಲ. ಇಷ್ಟು ವರ್ಷಕ್ಕೆ ಇವತ್ತು ಬಂತು," ಎಂದು ಅತಿಥಿಗಳತ್ತ ತಿರುಗಿ, "ಈ ತೊಟ್ಟಿ ಯಾರದು?" ಎಂದು ಕೇಳಿತು.

ರಾಜಕುಮಾರ ಕುರ್ಚಿಯಿಂದಿಳಿದು, "ನ... ನನ್ನದು," ಎಂದ. ಅವನು ಆ ಯಾತ್ರೆಯಲ್ಲಿ ಆಡಿದ ಮೊದಲ ಮರ್ಯಾದಸ್ಥ ಮಾತು ಅದೇ.

"ಈ ಕಪ್ಪು ಕಲ್ಲು ಯಾರದು?"

"ನನ್ನದಲ್ಲ! ನನ್ನದಲ್ಲ!" ಎಂದು ತಿಟು ದಣಿ ಕೂಗಿದ. ಉಂಗುರವಿದ್ದ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕಲ್ಲು ತೊಟ್ಟಿಯಿಂದ ಉರುಳಿ ಬಂದು ಅವನ ಬೆನ್ನೇರಿತು. ಅವನು ಕೋಲು ಬೀಸಿದ, ಕೋಲು ಮುರಿಯಿತು. ಅಷ್ಟರಲ್ಲಿ ಮೆಟ್ಟಿಲುಗಳು ಒಂದೊಂದಾಗಿ ಬಿರಿದವು. ಒಂದೊಂದರಿಂದಲೂ ಒಂದು ಕಪ್ಪು ಕಲ್ಲು ಹೊರಬಿದ್ದು, ಮೇಲಕ್ಕೆ ಉರುಳಿ, ಅವನ ಬೆನ್ನ ಮೇಲೆ ಕೂತಿತು. ಒಂದೊಂದು ಮೆಟ್ಟಿಲಿದ್ದ ಕಡೆಯೂ ಒಬ್ಬೊಬ್ಬ ಮನುಷ್ಯ ಸೊಂಟ ಹಿಡಿದುಕೊಂಡು ಎದ್ದು ನಿಂತ. ತಿಟು ದಣಿ ಬಗ್ಗಿದ, ಮಂಡಿಯೂರಿದ, ನೆಲ ಕಚ್ಚಿದ. ಕೊನೆಯ ಕಲ್ಲು ಬೀಳುವ ಹೊತ್ತಿಗೆ ಅವನೂ ಕಲ್ಲಾಗಿದ್ದ. ಮೆಟ್ಟಿಲಿಗೂ ಗೋಡೆಗೂ ಬಾರದ, ಸೊಟ್ಟ ಕಲ್ಲು. ಅವನಿಗಾಗಿ ಯಾರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ನಾನೂ ಹಾಕುವುದಿಲ್ಲ.

ಸಾಯ್ರಿ ಅಕ್ಕನ ಮುಂದೆ ನಿಂತಿದ್ದ. ಮೈಮೇಲೆಲ್ಲ ನೂರಾರು ಮೆಟ್ಟಿನ ಗುರುತು. ಉರ್ಪಿ ಅವನ ಬೆನ್ನು ಸವರಿದಳು.

"ನೋಯ್ತದೇನೋ?"

"ನೋವು ಕಡಿಮೆ ಅಕ್ಕ. ತುಳ್ಯೋವಾಗ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ, ಅದು ತಡ್ಕೊಳ್ಳೋಕಾಗ್ತಿರ್ಲಿಲ್ಲ."

ಸರ್ಪ ಬಾಗಿಲ ಕಂಬ ಬಿಟ್ಟು ಸರಸರನೆ ಬೆಟ್ಟದೊಳಗೆ ಹೋಯಿತು. ಬಾಗಿಲು ಹಾರುಹೊಡೆದಿತ್ತು. ಅಭ್ಯಾಸ ನೋಡಿ! ಹೊರೆಯವರು ಹೊರೆ ಇಳಿಸಿ, ಬಂದ ದಾರಿಗೆ ತಿರುಗಿಯೇ ಬಿಟ್ಟಿದ್ದರು.

"ಎಲ್ಲಿಗೆ ಹೊರಟ್ರಿ?" ಎಂದಳು ಉರ್ಪಿ. "ನಡೀರಿ ಒಳಕ್ಕೆ."

ಮಲ್ಕು ಅಜ್ಜ ಹೊಸ್ತಿಲ ಹತ್ತಿರ ಹಿಂಜರಿದು ನಿಂತ. ಉರ್ಪಿಗೆ ಅವನ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕೈ ಹಿಡಿದು ದಾಟಿಸಿದಳು. ಒಳಗೆ ಬಿಸಿಲು ಬಿದ್ದ ಗೋಡೆಗಳ ಸಾಲು ಸಾಲು. ಅಜ್ಜ ಒಂದು ಕಲ್ಲಿನ ಸಂದಿಯ ಮೇಲೆ ಬೆರಳಾಡಿಸಿ, "ನಮ್ಮ ಮುತ್ತಜ್ಜ ಇಂಥದ್ದೇ ಕೂಡಿಸ್ತಿದ್ದನಂತೆ," ಎಂದ. ರಾಜಕುಮಾರ ತೊಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತ ಬಾಗಿಲಾಚೆ ನಿಂತು, "ನಾನು ಒಳಗೆ ಬರಬಹುದೇ?" ಎಂದು ಕೇಳಿದ. ಬಾ ಎಂದರು. ಕಣಿವೆಯವರು ಬೇಡ ಎನ್ನಲು ಕಲಿತದ್ದು ಅಂದೇ ಬೆಳಗ್ಗೆ, ಆದರೆ ಬಾ ಎನ್ನುವುದನ್ನು ಮರೆತಿರಲಿಲ್ಲ.

ಎಲ್ಲರೂ ಮನೆ ಸೇರಿದರು. ಕಲ್ಲಾಗಿ ಬಹಳ ಕಾಲ ಕಳೆದಿದ್ದ ಕೆಲವರಿಗೆ ಮನೆಯೇ ಉಳಿದಿರಲಿಲ್ಲ. ಅಂಥವರನ್ನು ಊರಿನವರು ತಮ್ಮ ಮನೆಗಳಿಗೆ ಕರೆದುಕೊಂಡರು. ಸಾಯ್ರಿಯನ್ನು ಕಂಡ ತಾಯಿ ಮೊದಲು ಅವನ ಕೆನ್ನೆಗೊಂದು ಬಾರಿಸಿದಳು, ಆಮೇಲೆ ಅಪ್ಪಿಕೊಂಡು ಅತ್ತಳು, ಆಮೇಲೆ ಮಕ್ಕಳಿಬ್ಬರನ್ನೂ ಎಡಬಲಕ್ಕೆ ಕೂರಿಸಿಕೊಂಡು ಹೊಟ್ಟೆ ತುಂಬ ಉಂಡಳು. ಆ ಕಣಿವೆಯಲ್ಲಿ ಆಮೇಲೆ ಯಾರ ಮನೆಗೂ ಕಂಬಳಿ ಬರಲಿಲ್ಲ. ತಮಗೆ ಬೇಕಾದ ಕಂಬಳಿಯನ್ನು ತಾವೇ ನೇಯ್ದು, ಹೊದ್ದು, ಬಹುಕಾಲ ಸುಖವಾಗಿ ಬಾಳಿದರು.