ಮುಡಿಯಲಾಗದ ಹೂವು

ಬಹಳ ಬಹಳ ಹಿಂದೆ, ಋತುಗಳು ಊರಿಂದೂರಿಗೆ ನಡೆದುಕೊಂಡೇ ಬರುತ್ತಿದ್ದ ಕಾಲದಲ್ಲಿ, ಸುರಗಿಪುರ ಎಂಬ ರಾಜ್ಯವಿತ್ತು. ಅಲ್ಲಿ ಕಾಂತಿಕೇತು ಎಂಬ ಮಾಂತ್ರಿಕನಿದ್ದ. ಸುಮ್ಮನಿರಲಾರದ ಆಸಾಮಿ. ಒಂದು ವರ್ಷ ದಾರಿಯಲ್ಲಿ ಬರುತ್ತಿದ್ದ ವಸಂತವನ್ನೇ ಹಿಡಿದು ಸ್ಫಟಿಕದ ದೀಪದೊಳಗೆ ಕೂಡಿಹಾಕಿದ. ಆ ದೀಪ ಹಚ್ಚಿದರೆ ಅವನ ಅರಮನೆಯ ಗೋಡೆ, ನೆಲ, ಚಾವಣಿಯ ಮೇಲೆಲ್ಲ ಬೆಳಕಿನ ಹೂಗಳು ಅರಳುತ್ತಿದ್ದವು. ಗೋಡೆ ಮುಟ್ಟಿದರೆ ಹೊಂಗೆ ಹೂ ಸುರಿಯುತ್ತಿತ್ತು. ಹೆಜ್ಜೆಯಿಟ್ಟಲ್ಲಿ ಮುತ್ತುಗ ಅರಳುತ್ತಿತ್ತು. ನೋಡಲು ಹೋದವರು ಹಸಿವು ಮರೆತರು, ಮನೆ ಮರೆತರು. ಹೊರಗೆ ಮಾವು ಹೂ ಬಿಡಲಿಲ್ಲ, ಜೇನು ಊರು ಬಿಟ್ಟಿತು.

ಆ ಊರಿನ ಮಾಳಕ್ಕ ಎಂಬವಳೂ ಹೋದಳು. "ಒಂದು ಗಳಿಗೆ ನೋಡ್ಕೊಂಡು ಬರ್ತೀನಿ ಕಣೇ" ಎಂದು ಮೊಲೆಹಾಲಿನ ಕೂಸನ್ನು ತಂಗಿ ದ್ಯಾವಿಯ ಮಡಿಲಿಗೆ ಹಾಕಿ ಹೋದವಳು ಬರಲೇ ಇಲ್ಲ. ಹಸುವಿನ ಹಾಲು ಕೊಟ್ಟರೆ ಕೂಸು ಉಗುಳಿತು. ಅತ್ತು ಅತ್ತು ಅದರ ದನಿಯೇ ಕುಂದಿತು. ದ್ಯಾವಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮಾಂತ್ರಿಕನ ಅರಮನೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಹೂವಿನ ಹುಲಿ ಮೇಲೆ ಹಾರಿತು. ದ್ಯಾವಿ ಕಣ್ಣು ಮುಚ್ಚಿ ನಡೆದಳು. ಹುಲಿ ಅವಳೊಳಗಿಂದ ಹಾದುಹೋಯಿತು. ಎರಡನೆಯ ಬಾಗಿಲಲ್ಲಿ ಹೂವಿನ ಹೊಳೆ ಕೊರಳಮಟ್ಟ ಏರಿತು. ದ್ಯಾವಿ ಕಣ್ಣು ಮುಚ್ಚಿ ನಡೆದಳು. ಸೀರೆಯ ಅಂಚೂ ನೆನೆಯಲಿಲ್ಲ. ಮೂರನೆಯ ಬಾಗಿಲಲ್ಲಿ ತೀರಿಹೋದ ಅವ್ವ ಕೂತಿದ್ದಳು. ಈಗ ಕಣ್ಣು ಮುಚ್ಚಲಾಗಲಿಲ್ಲ. ಯಾರಿಗೆ ತಾನೇ ಆಗುತ್ತದೆ?

"ಬಾ ಮಗಾ, ಹೂ ಮುಡಿಸ್ತೀನಿ" ಎಂದಳು ಅವ್ವ.

ದ್ಯಾವಿ ತಲೆಬಾಗಿ ಕೂತಳು. ಎಷ್ಟೋ ಹೊತ್ತಿನ ಮೇಲೆ ಜಡೆ ಮುಟ್ಟಿ ನೋಡಿಕೊಂಡಳು. ಬರಿಜಡೆ. ಬಿಕ್ಕಿಬಿಕ್ಕಿ ಅತ್ತಳು. ಅತ್ತು, ಎದ್ದು, ಒಳಗೆ ಹೋದಳು.

ಒಳಗೆ ಅಕ್ಕ ಗೋಡೆ ಸವರುತ್ತಾ ನಗುತ್ತಿದ್ದಳು. ಕೂಸಿನ ಅಳು ಅವಳ ಕಿವಿಗೆ ಬೀಳಲಿಲ್ಲ.

"ನೋಡು, ಯಾರನ್ನೂ ನಾನು ಕಟ್ಟಿಹಾಕಿಲ್ಲ," ಎಂದ ಮಾಂತ್ರಿಕ. "ನನ್ನ ಮನೇಲಿ ಇಲ್ಲದ್ದು ಏನಿದೆ? ಒಂದು ಕೊರತೆ ತೋರಿಸು, ಎಲ್ಲರನ್ನೂ ಕಳಿಸಿಕೊಡ್ತೀನಿ."

"ಅಕ್ಕ ಬಂದು ಎಷ್ಟು ದಿನ ಆಯ್ತು ಸ್ವಾಮಿ? ಮನೆಗೆ ಬಂದ ಹೆಣ್ಮಗಳ ತಲೇಲಿ ಒಂದು ಹೂವಿಲ್ವಲ್ಲ! ಒಂದೇ ಒಂದು ಕೊಡಿ."

"ಇಷ್ಟೇನಾ?" ಎಂದು ನಕ್ಕು ಗೋಡೆಯ ಹೂ ಕಿತ್ತ. ಕೈ ಖಾಲಿ. ನೆಲದ ಹೂ ಕಿತ್ತ. ಕೈ ಖಾಲಿ. ಹಾರಿ ಚಾವಣಿಯ ಹೂವಿಗೂ ಕೈ ಹಾಕಿದ, ಪಾಪ. ಖಾಲಿಯೇ. ಅಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ಜಡೆ ಮುಟ್ಟಿ ನೋಡಿಕೊಂಡರು.

"ನಂಗೂ ಇಲ್ಲ ಕಣಮ್ಮಾ!" ಎಂದಳು ಒಬ್ಬಳು.

ಮಾಂತ್ರಿಕನಿಗೆ ತಲೆ ಎತ್ತಲಾಗಲಿಲ್ಲ. ಒಂದೇ ಹೂ ತೆಗೆದು ಮುಚ್ಚಿಬಿಡೋಣವೆಂದು ದೀಪದ ಮುಚ್ಚಳವನ್ನು ಚೂರು ಸರಿಸಿದ. ಹಗ್ಗ ಸಡಿಲಾದ ಕರು ನಿಲ್ಲುತ್ತದೆಯೇ? ವಸಂತ ಅಷ್ಟೂ ಹೊರಗೆ ನೆಗೆಯಿತು. ಗೋಡೆಗಳು ಬರಿಗಲ್ಲಾದವು. ಕಿಟಕಿಯಿಂದ ಮಾವಿನ ಹೂವಿನ ಗಾಳಿ ಬಂತು. ಮಾಂತ್ರಿಕನ ಅಂಗೈಯಲ್ಲಿ ಒಂದು ಮಲ್ಲಿಗೆ ಉಳಿಯಿತು, ಮಂತ್ರ ಉಳಿಯಲಿಲ್ಲ.

ಮಾಳಕ್ಕನ ಕುಪ್ಪಸ ಹಾಲಿನಿಂದ ಒದ್ದೆಯಾಯಿತು. "ಅಯ್ಯೋ, ನನ್ನ ಕೂಸು!" ಎಂದು ಚೀರಿ, ತಂಗಿಯ ಬೆನ್ನಿನಿಂದ ಕೂಸನ್ನು ಸೆಳೆದುಕೊಂಡು, ಅಲ್ಲೇ ಕಲ್ಲುನೆಲದ ಮೇಲೆ ಕೂತು ಹಾಲೂಡಿಸಿದಳು.

ಆಮೇಲೆ ಸುರಗಿಪುರದವರೆಲ್ಲ ಸುಖವಾಗಿ ಬಾಳಿದರು. ಆದರೆ ಆಗ ಯಾರೂ ಮನೆಗೆ ಹೊರಡಲಿಲ್ಲ. ಕೂಸು ಹೊಟ್ಟೆ ತುಂಬಿ ನಿದ್ದೆಹೋಗಿತ್ತು. ಅದು ಏಳುವವರೆಗೆ ಅಷ್ಟು ಜನರೂ ಪಿಸುಮಾತಿನಲ್ಲೇ ಮಾತಾಡುತ್ತ ಕೂತರು.