ಧೈರ್ಯವಾಗಿ ಒರಗಿ ನಿಲ್ಲಬಹುದು

"ನಿಜ ಹೇಳಿ, ನೀವು ಅಲ್ಲಿಗೆ ಹೋಗಿದ್ದೀರಾ?"

ಪ್ರಶ್ನೆಯ ಬೆನ್ನಿಗೇ ಕರಡು ಹಾಳೆಗಳ ಕಟ್ಟು ಅವನೆದುರಿನ ಮೇಜಿನ ಮೇಲೆ ದೊಪ್ಪೆಂದು ಬಿತ್ತು.

ಅದು ಪ್ರವಾಸದ ಕೈಪುಸ್ತಕಗಳನ್ನು ಹೊರತರುವ ಸಣ್ಣ ಕಚೇರಿ. ಅವಳು ಅಲ್ಲಿ ಕರಡು ತಿದ್ದುವವಳು. ಜೊತೆಯವರು ಅವಳನ್ನು ಬೆನ್ನ ಹಿಂದೆ 'ಕೆಂಪು ಶಾಯಿ' ಎನ್ನುತ್ತಿದ್ದರು; ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮೇಜಿನಾಚೆ ಕುಳಿತಿದ್ದ ಬರಹಗಾರನನ್ನು ಅವಳು ಕಂಡದ್ದು ಅಂದೇ ಮೊದಲು.

"ಯಾಕೆ, ಬರೆದದ್ದು ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ನನ್ನ ಅನುಮಾನ! ಬೆಟ್ಟದ ತಿರುವಿನಲ್ಲಿ ಚಹಾದಂಗಡಿ, ಅದಕ್ಕೆ ಏಳು ಮೆಟ್ಟಿಲು, ಬಾಗಿಲಿಗೆ ಕೂರಿಸಿದ ಕನ್ನಡಿ... ಸಮುದ್ರದ ಊರಿನ ಲಾಡ್ಜಿನಲ್ಲಿ ಹಸಿರು ಕಿಟಕಿ... ಜಲಪಾತದ ಅಂಚಿನಲ್ಲಿ 'ಕಬ್ಬಿಣದ ಗಟ್ಟಿ ಕಂಬಿಯಿದೆ, ಧೈರ್ಯವಾಗಿ ಒರಗಿ ನಿಲ್ಲಬಹುದು' ಅಂತ ಬರೆದಿದ್ದೀರಿ. ಜನ ನಿಮ್ಮನ್ನು ನಂಬಿ ಒರಗ್ತಾರೆ, ಸ್ವಾಮಿ. ಕಣ್ಣಾರೆ ನೋಡದೆ ಬರೆದಿದ್ರೆ ನಾನು 'ಸರಿ' ಅಂತ ಗುರುತು ಹಾಕಲ್ಲ."

ಅವನು ತಲೆಯೆತ್ತಿ ನೋಡಿದ. ಆ ಕಣ್ಣುಗಳಲ್ಲಿ ಏನೋ ಇತ್ತು... ಎಲ್ಲೋ ಕಳೆದುಹೋದ ಮಗುವಿನ ನೋಟ. ಅವಳ ಕೋಪ ಒಂದು ಕ್ಷಣ ತಡವರಿಸಿತು.

"ಹೋಗಿದ್ದೇನೆ," ಎಂದ ಅವನು.

ಅವಳು ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದಳು.

ಒಂದು ಸುಳ್ಳು ಎಷ್ಟು ಚಿಕ್ಕದಾಗಿರಬಲ್ಲದು! ಕುರ್ಚಿಯಲ್ಲಿ ಕುಳಿತು ಪರರನ್ನು ಬೆಟ್ಟ ಹತ್ತಿಸುವವರಿಗೆ, ಕಾಣದ ದಾರಿಯನ್ನು ಕಂಡಂತೆ ತೋರಿಸುವವರಿಗೆ, ಅದು ಸುಳ್ಳೆಂದು ಅನಿಸುವುದೇ ಇಲ್ಲ. ಓದಿದವರು ಆ ದಾರಿಯಲ್ಲಿ ಕಾಲಿಡುವ ತನಕ!

ಮುಂದೆ ಅವನು ಕಚೇರಿಗೆ ಬರಲು ನೂರು ನೆಪ ಹುಡುಕಿದ. ಅವಳು ಅಷ್ಟೂ ನೆಪಗಳನ್ನು ತಿದ್ದದೆ ಬಿಟ್ಟಳು. ವರ್ಷ ತಿರುಗುವಷ್ಟರಲ್ಲಿ ಮದುವೆಯಾಯಿತು.

ಅವನ ಮನೆಯಲ್ಲಿದ್ದವರು ಅಪ್ಪ ಒಬ್ಬರೇ. ಗಡಿಯಾರ ರಿಪೇರಿ ಮಾಡುವವರು. ಅಂಗಡಿ ಮತ್ತು ಮನೆ ಬಿಟ್ಟು ಮೂರನೆಯ ಜಾಗ ಕಂಡವರಲ್ಲವೆಂದೇ ಎಲ್ಲರ ನಂಬಿಕೆ. ರಿಪೇರಿಗೆ ಬಂದ ಪ್ರತಿ ಗಡಿಯಾರಕ್ಕೂ ತಮ್ಮ ಕೈಯಾರೆ ಚೀಟಿ ಬರೆದು ಕಟ್ಟುತ್ತಿದ್ದರು. ಅಮ್ಮ, ಅವನಿನ್ನೂ ಮೊಲೆಹಾಲು ಕುಡಿಯುತ್ತಿದ್ದಾಗಲೇ ಜ್ವರದಿಂದ ತೀರಿಕೊಂಡರಂತೆ. ಮಾವ ಸೊಸೆಯನ್ನು 'ತಾಯಿ' ಎಂದೇ ಕರೆಯುತ್ತಿದ್ದರು.

ಮದುವೆಯಾದ ಎಂಟನೆಯ ತಿಂಗಳು ಕಚೇರಿಗೆ ಆ ಪತ್ರ ಬಂತು.

'ನಿಮ್ಮ ಪುಸ್ತಕ ನಂಬಿ ಜಲಪಾತಕ್ಕೆ ಹೋದೆವು. ಮಂಜು ಕವಿದಿತ್ತು. ಕಂಬಿಯಿದೆ ಎಂದು ನಾನೇ ಓದಿ ಹೇಳಿದ್ದೆ. ನನ್ನ ಹತ್ತು ವರ್ಷದ ಮಗಳು ಒರಗಲು ಹೋದಳು. ಅಲ್ಲಿ ಗಾಳಿಯಿತ್ತು, ಅಷ್ಟೆ. ಅವಳ ಅಪ್ಪ ಜಡೆ ಹಿಡಿದು ಎಳೆದುಕೊಂಡರು. ಈ ಪುಟಕ್ಕೆ ಸರಿ ಎಂದವರು ಯಾರು?'

ಯಾರು? ಅವಳು!

ಸಂಜೆ ಪತ್ರವನ್ನು ಗಂಡನ ಮುಂದಿಟ್ಟು, "ಹೊರಡಿ," ಎಂದಳು. "ಮೂರು ದಿನದ ದಾರಿ ತಾನೆ? ಪುಟಪುಟವಾಗಿ ನೋಡ್ಕೊಂಡು ಬರೋಣ."

"ಇದು ನಮ್ಮ ಮೊದಲ ಪ್ರವಾಸ ಕಣೇ... ನೀನು ವಿಚಾರಣೆ ಮಾಡಿದ ಹಾಗೆ ಮಾಡ್ತಿದ್ದೀಯ."

"ವಿಚಾರಣೆನೇ."

ಮರುದಿನ ಬೆಳಗ್ಗೆ ಕಾರು ಬೆಟ್ಟ ಏರತೊಡಗಿತು. ಕಣಿವೆಯ ತುಂಬ ಮೋಡ ಹಾಲಿನಂತೆ ನಿಂತಿತ್ತು. ಬೇರೆ ಯಾವ ಜೋಡಿಯಾದರೂ ಇಳಿದು ಫೋಟೊ ತೆಗೆದುಕೊಳ್ಳುತ್ತಿತ್ತು. ಇವರಿಬ್ಬರ ನಡುವೆ ಕೈಪುಸ್ತಕವೊಂದು ಮೂರನೆಯವರಂತೆ ಕುಳಿತಿತ್ತು.

ಹತ್ತನೆಯ ತಿರುವಿನಲ್ಲಿ ಅವನು ಕಾರು ನಿಲ್ಲಿಸಿದ.

"ನಾನು ಹೋಗಿರಲಿಲ್ಲ," ಎಂದ, ಎದುರಿನ ಗಾಜನ್ನೇ ನೋಡುತ್ತ. "ಈ ದಾರೀಲಿ ಒಂದು ಹೆಜ್ಜೆನೂ ಇಟ್ಟವನಲ್ಲ. ನಿನ್ನ ಹತ್ರ ಸುಳ್ಳು ಹೇಳಿದೆ."

ಅವಳು ಪತ್ರದ ಸಾಲುಗಳನ್ನು ನೆನೆದಳು. 'ಪರವಾಗಿಲ್ಲ ಅಂದುಬಿಡಲೇ? ನನ್ನವನಲ್ಲವೇ... ಇಲ್ಲ. ಆ ಜಡೆ ಕೈಗೆ ಸಿಗದೇ ಹೋಗಿದ್ದರೆ?'

"ಹಾಗಾದ್ರೆ ಇಷ್ಟೆಲ್ಲ ಎಲ್ಲಿಂದ ಬಂತು?"

"ಅಪ್ಪ ಹೇಳ್ತಿದ್ದ ಕಥೆ. ಚಿಕ್ಕವನಿದ್ದಾಗ ದಿನಾ ಇದೇ ದಾರಿ, ಇದೇ ಚಹಾದಂಗಡಿ. ಕಟ್ಟುಕಥೆ ಅಂದ್ಕೊಂಡಿದ್ದೆ. ಅಪ್ಪ ಅಂಗಡಿ ಬಿಟ್ಟು ಹೊರಗೆ ಹೋದದ್ದಾದ್ರೂ ಯಾವಾಗ?"

"ಕಟ್ಟುಕಥೇನ ದಾರಿ ಅಂತ ಮಾರಿದ್ರಾ?" ಅವಳು ಕೈಪುಸ್ತಕವನ್ನು ಅವನತ್ತ ತಳ್ಳಿದಳು. "ಮದುವೆ ಆಗಿರೋದಾದ್ರೂ ನಿಜ ತಾನೆ? ಅಥವಾ ಅದೂ..."

ಅಷ್ಟರಲ್ಲಿ ಅವಳ ಕಣ್ಣು ಗಾಜಿನಾಚೆ ಹೋಯಿತು.

ಮುಂದಿನ ತಿರುವಿನಲ್ಲಿ ಮೆಟ್ಟಿಲುಗಳಿದ್ದವು.

ಅವಳು ಇಳಿದು ಎಣಿಸಿದಳು. ಒಂದು, ಎರಡು... ಏಳು! ಮೇಲೆ ಮಾಡು ಕುಸಿದ ಅಂಗಡಿ. ಪಾಚಿ ಹಿಡಿದ ಒಲೆಯ ಕಟ್ಟೆ. ಬಾಗಿಲೊಂದು ಮಾತ್ರ ನಿಂತಿತ್ತು. ಅದಕ್ಕೆ ಕೂರಿಸಿದ, ಅಂಗೈಯಷ್ಟು ಉಳಿದ ಕನ್ನಡಿಯಲ್ಲಿ ಇಬ್ಬರ ಮುಖವೂ ಮಸುಕಾಗಿ ಕಂಡಿತು.

ಅವನ ಮುಖ ಬಿಳಿಚಿಕೊಂಡಿತ್ತು. "ಇದು ಇರೋಕೆ ಸಾಧ್ಯ ಇಲ್ಲ..."

ಹಕ್ಕಿಯ ದನಿಯೂ ಇರಲಿಲ್ಲ. ಯಾರೋ ಈಗಷ್ಟೇ ಎದ್ದು ಹೋದಂತೆ, ಅಂಗಡಿಯ ಬೆಂಚೊಂದು ಕಣಿವೆಯ ಕಡೆಗೆ ಮುಖ ಮಾಡಿ ಕಾದಿತ್ತು.

ಅವಳ ಮನಸ್ಸಿನಲ್ಲಿ ವಿಷದಂಥ ಯೋಚನೆಯೊಂದು ಮೂಡಿತು. 'ಬಂದಿದ್ದಾನೆ. ಖಂಡಿತ ಬಂದಿದ್ದಾನೆ. ಬಂದಿಲ್ಲ ಎನ್ನುವುದೇ ಸುಳ್ಳು. ಹಾಗಾದರೆ... ಯಾರ ಜೊತೆ?'

ಬೆಟ್ಟ ಇಳಿದು, ಸೇತುವೆ ದಾಟಿ, ಎರಡನೆಯ ದಿನ ಮಧ್ಯಾಹ್ನ ಸಮುದ್ರದ ಊರು ತಲುಪಿದರು. ಉಪ್ಪು ತಿಂದ ಗೋಡೆಗಳು, ಬಲೆ ಒಣಗಿಸಿದ ಬೀದಿ. ಕೊನೆಯಲ್ಲಿ ಎರಡಂತಸ್ತಿನ ಲಾಡ್ಜು. ಮೇಲೆ ಹಸಿರು ಕಿಟಕಿ.

ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದ ಮುದುಕಿ ಅವನನ್ನು ಕಂಡು ಹಣೆಗೆ ಕೈ ಅಡ್ಡ ಹಿಡಿದಳು.

"ಬಂದ್ಯೇನಪ್ಪಾ? ಸಂಜೆಯೊಳಗೆ ಬರ್ತೀನಿ ಅಂದು ಹೋದೋನು ಇಷ್ಟು ಹೊತ್ತು ಮಾಡಿದ್ಯಲ್ಲ! ರೂಮು ಹಾಗೇ ಇಟ್ಟಿದ್ದೀನಿ."

"ಅಜ್ಜಿ, ನೀವು ಯಾರನ್ನೋ..."

"ಹೆಂಡ್ತಿ ಎಲ್ಲಿ?"

"ಇವಳೇ ನನ್ನ ಹೆಂಡ್ತಿ."

ಮುದುಕಿ ಅವಳ ಮುಖವನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದಳು. "ಇವಳಲ್ಲ. ಅವಳ ಗಲ್ಲದಲ್ಲಿ ಮಚ್ಚೆ ಇತ್ತು. ನಗ್ತಾ ನಗ್ತಾ ಮೆಟ್ಟಿಲು ಇಳಿದಳು. ಮಗು ಎಲ್ಲಿ ಬಿಟ್ಟು ಬಂದೆ?"

ಮಗು!

ಅವಳು ಗಂಡನಿಂದ ಒಂದು ಹೆಜ್ಜೆ ದೂರ ಸರಿದಳು.

"ಅತ್ತೆ ಮಾತಿಗೆ ಬೇಜಾರು ಮಾಡ್ಕೋಬೇಡಿ," ಎಂದು ಒಳಗಿನಿಂದ ಮುದುಕಿಯ ಸೊಸೆ ಓಡಿಬಂದಳು. "ಅವರಿಗೆ ನಿನ್ನೆ ಯಾವುದು, ಇವತ್ತು ಯಾವುದು ಗೊತ್ತಾಗಲ್ಲ."

ಆದರೆ ಮುದುಕಿ ಆಗಲೇ ಗೋಡೆ ಹಿಡಿದು ಮೆಟ್ಟಿಲೇರುತ್ತಿದ್ದಳು. ಹಸಿರು ಕಿಟಕಿಯ ಕೋಣೆಯ ಮಂಚದಡಿಯಿಂದ ತಗಡಿನ ಪೆಟ್ಟಿಗೆಯೊಂದನ್ನು ಎಳೆದಳು. ಒಳಗೆ ಮಡಿಸಿಟ್ಟ ಎರಡು ಬಟ್ಟೆ, ಕೂಸಿನ ಉಣ್ಣೆಯ ಟೋಪಿ, ಒಂದು ಬಾಚಣಿಗೆ. ಬಾಚಣಿಗೆಯ ಹಲ್ಲಿನಲ್ಲಿ ಉದ್ದನೆಯ ಕಪ್ಪು ಕೂದಲೊಂದು ಇನ್ನೂ ಸುತ್ತಿಕೊಂಡಿತ್ತು.

"ಬರಹಗಾರರೇ," ಎಂದಳು ಅವಳು. ಮದುವೆಯಾದ ಮೇಲೆ ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಆ ಹೆಂಡತಿ ಯಾರು? ಆ ಮಗು ಯಾರದು?"

"ಆಣೆಗೂ ಗೊತ್ತಿಲ್ಲ ಕಣೇ... ನನ್ನ ಮುಖ ನೋಡಿ ಹೇಳು."

ಅವಳು ನೋಡಿದಳು. ನಂಬಲೇ? ಒಮ್ಮೆ ನಂಬಿ 'ಸರಿ' ಬರೆದಾಗಿತ್ತಲ್ಲ! ಇನ್ನು ಈ ಮುಖವನ್ನು, ಈ ಕಣ್ಣನ್ನು ನಂಬಿ ಬರೆಯುವಂತಿಲ್ಲ. ಕಣ್ಣಾರೆ ನೋಡಬೇಕು.

ಅವಳು ಕೆಳಗಿಳಿದು, "ಹಳೆಯ ರಿಜಿಸ್ಟರ್ ಇದೆಯಾ?" ಎಂದು ಸೊಸೆಯನ್ನು ಕೇಳಿದಳು.

"ಎಲ್ಲಾ ಇದೆ. ಎಸೆಯೋಕೆ ಅತ್ತೆ ಬಿಡಬೇಕಲ್ಲ!"

ಮುದುಕಿ ಗುರುತಿಗೆಂದು ದಾರವಿಟ್ಟಿದ್ದ ಪುಟ ತಾನಾಗಿಯೇ ತೆರೆದುಕೊಂಡಿತು. 'ದಂಪತಿ, ಜೊತೆಗೆ ಕೂಸು. ಜಲಪಾತ ನೋಡಿ ಸಂಜೆ ಮರಳುತ್ತೇವೆ.'

ಅವಳು ಆ ಅಕ್ಷರಗಳನ್ನೇ ದಿಟ್ಟಿಸಿದಳು. ಪ್ರತಿ ಅಕ್ಷರದ ಕೊನೆಯೂ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು. ಈ ಕೈಬರಹವನ್ನು ಅವಳು ದಿನವೂ ನೋಡುತ್ತಿದ್ದಳು, ರಿಪೇರಿಗೆ ಬಂದ ಗಡಿಯಾರಗಳ ಚೀಟಿಯಲ್ಲಿ! ಮೇಲಿನ ತಾರೀಖು ನೋಡಿದಳು. ಮೂವತ್ತೊಂದು ವರ್ಷದ ಹಿಂದಿನದು.

ಅವಳು ರಿಜಿಸ್ಟರನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಅವನು ಟೋಪಿಯನ್ನು ಕೈಯಲ್ಲಿಟ್ಟುಕೊಂಡು ಮಂಚದ ಮೇಲೆ ಕುಳಿತಿದ್ದ.

"ಯಾರ ಅಕ್ಷರ, ಹೇಳಿ."

ಅವನು ನೋಡಿದ. ಸುರುಳಿಗಳ ಮೇಲೆ ಬೆರಳಾಡಿಸಿದ. "ಅಪ್ಪಂದು..."

"ಹೌದು. ಕಥೆ ಅಲ್ಲ ರೀ, ಅದು ನೆನಪು. ಅಜ್ಜಿ ನಿಮ್ಮನ್ನ ಮಾವ ಅಂದ್ಕೊಂಡಿದ್ದಾರೆ. ಆ ಟೋಪಿ ನಿಮ್ದು."

ಮೂರನೆಯ ದಿನ ಬೆಳಗ್ಗೆ ಅವರು ಜಲಪಾತದ ದಾರಿ ಹಿಡಿದರು. ಮಂಜು ಎಷ್ಟಿತ್ತೆಂದರೆ, ನೀರು ಕಾಣುವ ಮೊದಲೇ ಅದರ ಸದ್ದು ಮೈಗೆ ತಾಗಿತು. ಪುಸ್ತಕದಲ್ಲಿ ಅವನು ಬರೆದಿದ್ದ: 'ಕಿವಿಗೊಟ್ಟರೆ ನೀರಿನ ಒಳಗಿನಿಂದ ಯಾರೋ ಕರೆಯುವಂತೆ ಕೇಳಿಸುತ್ತದೆ.' ಅವಳು ಅದನ್ನು ಚೆಂದದ ಸಾಲೆಂದು ಉಳಿಸಿದ್ದಳು. ಈಗ ಕೇಳಿಸಿತು. ನಿಜಕ್ಕೂ ಕೇಳಿಸಿತು... ದೀರ್ಘವಾಗಿ, ಬಿಟ್ಟು ಬಿಟ್ಟು, ಯಾರೋ ಯಾರನ್ನೋ ಕರೆಯುತ್ತಿದ್ದ ದನಿ.

ಅವನು ಆ ದನಿಯ ಕಡೆಗೆ ಹೆಜ್ಜೆಯಿಟ್ಟ. ಮತ್ತೊಂದು ಹೆಜ್ಜೆ.

"ನಿಲ್ಲಿ!" ಅವಳು ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಳು. "ಕೂತ್ಕೊಂಡು ಬನ್ನಿ. ಕೈ ಊರಿ."

ಇಬ್ಬರೂ ಮಂಡಿಯೂರಿ ಅಂಚಿಗೆ ಸರಿದರು. ಬಂಡೆಯಲ್ಲಿ ನೆಟ್ಟ ನಾಲ್ಕು ಕಬ್ಬಿಣದ ಮೋಟುಗಳಿದ್ದವು, ತುಕ್ಕು ತಿಂದು ಗೇಣುದ್ದ ಉಳಿದವು. ನಾಲ್ಕೂ ಹೊರಕ್ಕೆ, ಪಾತಾಳದ ಕಡೆಗೆ ಬಾಗಿದ್ದವು.

ಅವಳು ಅವನನ್ನು ಕಾರಿನವರೆಗೆ ಹಿಂದಕ್ಕೆ ಕರೆತಂದು, ಮಾವನಿಗೆ ಫೋನ್ ಮಾಡಿ, ಅವನಿಗೂ ಕೇಳುವಂತೆ ನಡುವೆ ಹಿಡಿದಳು. ಆ ತುದಿಯಲ್ಲಿ ಹತ್ತಾರು ಗಡಿಯಾರಗಳು ಟಿಕ್ಕೆನ್ನುತ್ತಿದ್ದವು.

"ಏನು ತಾಯಿ, ಊಟ ಆಯ್ತಾ?"

"ಮಾವ... ಜಲಪಾತದ ಹತ್ರ ಇದ್ದೀವಿ. ಇಲ್ಲಿ ಕಂಬಿ ಇತ್ತಾ?"

ಗಡಿಯಾರಗಳಷ್ಟೇ ಮಾತಾಡಿದವು.

"ಇತ್ತು ತಾಯಿ," ಎಂದರು ಮಾವ ಕೊನೆಗೆ. "ಅವಳು ಒರಗೋ ತನಕ ಇತ್ತು."

ಅವನು ಬಾಯಿಗೆ ಕೈ ಒತ್ತಿಕೊಂಡ.

"ಮಗು ನನ್ನ ತೋಳಲ್ಲಿತ್ತು. ನಾನೇ ಹೇಳಿದ್ದು, ಗಟ್ಟಿಯಾಗಿದೆ, ಧೈರ್ಯವಾಗಿ ಒರಗು ಅಂತ. ಹೆಸರು ಹಿಡಿದು ಕೂಗಿದೆ... ಕತ್ತಲಾಗೋ ತನಕ ಕೂಗಿದೆ. ಆಮೇಲೆ ಇವನು ಅಮ್ಮ ಎಲ್ಲಿ ಅಂದಾಗ ಜ್ವರ ಅಂದುಬಿಟ್ಟೆ. ಕಥೇಲಿ ಮಾತ್ರ ಕಂಬೀನ ಮುರಿಯೋಕೆ ಬಿಡಲಿಲ್ಲ. ದಿನಾ ಗಟ್ಟಿಯಾಗಿ ನಿಲ್ಲಿಸ್ತಿದ್ದೆ. ತಪ್ಪಾಯ್ತಾ, ತಾಯಿ?"

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆದರೂ ಅವಳು ಆ ಮುದುಕರಿಗೂ ಸುಳ್ಳು ಹೇಳಲಿಲ್ಲ.

"ತಪ್ಪೇ ಮಾವ. ಒಂದು ಮಗು ಬೀಳ್ತಿತ್ತು. ಆದ್ರೆ ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನಾವು ಬರ್ತೀವಿ. ಪೆಟ್ಟಿಗೇನೂ ತರ್ತೀವಿ. ಬಾಗಿಲು ಹಾಕ್ಕೊಂಡು ಒಬ್ಬರೇ ಕೂರಬೇಡಿ."

"ಅಪ್ಪಾ..." ಎಂದಷ್ಟೇ ಅವನಿಂದ ಆದದ್ದು. ಆ ಕಡೆ ಮುದುಕರು ಚಿಕ್ಕ ಮಕ್ಕಳಂತೆ ಬಿಕ್ಕಿದರು.

ಪ್ರೀತಿಯಿಂದ ಹೇಳಿದ ಸುಳ್ಳನ್ನು ಲೋಕ ಎಷ್ಟು ಸಲೀಸಾಗಿ ಮನ್ನಿಸುತ್ತದೆ! ಆದರೆ ಅದನ್ನು ನಂಬಿ ಅಂಚಿಗೆ ಬಂದವರ ಕಾಲು, ಹೇಳಿದವರ ಮನಸ್ಸು ಎಷ್ಟು ಒಳ್ಳೆಯದಿತ್ತು ಎಂದು ನೋಡಿ ಜಾರುವುದಿಲ್ಲ.

ಕಣ್ಣೊರೆಸಿಕೊಂಡು ಅವನೇ ಎದ್ದ. ಕಾರಿನ ಹಿಂಭಾಗದಿಂದ, ಕೆಟ್ಟ ಗಾಡಿ ಎಳೆಯಲು ಇಟ್ಟಿದ್ದ ಹಗ್ಗ ತೆಗೆದ. ಅಂಚಿಗೆ ಹತ್ತು ಮಾರು ಹಿಂದೆ, ಎರಡು ಮರಗಳ ನಡುವೆ ಅದನ್ನು ಬಿಗಿಯಾಗಿ ಕಟ್ಟಿದ. ಅವಳ ಚೀಲದಿಂದ ಕೆಂಪು ಪೆನ್ನು ಕೇಳಿ ಪಡೆದು, ಕೈಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ: 'ಇಲ್ಲಿ ಕಂಬಿಯಿಲ್ಲ. ಮುಂದೆ ಹೋಗಬೇಡಿ.'

"ಸದ್ಯಕ್ಕೆ ಇದು. ಉಳಿದ ಪ್ರತಿಗಳಿಗೆ?" ಎಂದಳು ಅವಳು.

"ಒಂದನ್ನೂ ಮಾರೋಕೆ ಬಿಡಲ್ಲ. ಕಚೇರಿ ಯಜಮಾನರ ಹತ್ರ ನಾನೇ ಹೇಳ್ತೀನಿ, ನೋಡದೆ ಬರೆದೆ ಅಂತ. ಆ ಹುಡುಗಿಯ ಅಮ್ಮನಿಗೂ ನಾನೇ ಪತ್ರ ಬರೀತೀನಿ."

"ನಾನೂ ಬರೀತೀನಿ. ಸರಿ ಅಂದವಳು ನಾನು."

ಅವನು ರಟ್ಟನ್ನು ಹಗ್ಗಕ್ಕೆ ಸಿಕ್ಕಿಸಿ ಅವಳ ಕಡೆಗೆ ತಿರುಗಿದ. "ಅವತ್ತು ನೀನು ಕೇಳಿದೆ, ಹೋಗಿದ್ದೀರಾ ಅಂತ. ಹೋಗಿದ್ದೇನೆ ಅಂದೆ..."

"ನಿಜಕ್ಕೂ ಬಂದಿದ್ರಿ. ಅಪ್ಪನ ತೋಳಲ್ಲಿ."

"ಹಾಗಾದ್ರೆ ಅದು ಸುಳ್ಳಲ್ಲ ಅಂತೀಯಾ?"

"ಸುಳ್ಳೇ!" ಅವಳು ಅಳುವಿನ ನಡುವೆಯೇ ನಕ್ಕಳು. "ಗೊತ್ತಿಲ್ಲದೆ ನಿಜ ಆಗಿಬಿಟ್ಟ ಸುಳ್ಳು. ಅದಕ್ಕೆ ಪೂರ್ತಿ ಅಂಕ ಕೊಡಲ್ಲ."

"ಸರಿ ಮೇಡಂ. ಇನ್ನು ಮೇಲೆ ನಿನ್ನ ಹತ್ರ ನೋಡಿದ್ದು ಮಾತ್ರ ಹೇಳ್ತೀನಿ." ಅವನು ಕಣ್ಣು ಕೆಳಗಿಳಿಸಿದ. "ಈಗ ನೋಡಿದ್ದು ಹೇಳ್ಲಾ? ನಿನ್ನ ಕೈ ಮತ್ತೆ ನನ್ನ ಅಂಗಿ ಹಿಡಿದಿದೆ."

ಅವಳು ನೋಡಿಕೊಂಡಳು. ಹೌದು. ಯಾವಾಗ ಹಿಡಿದಿದ್ದಳೋ ಅವಳಿಗೇ ತಿಳಿದಿರಲಿಲ್ಲ.

ಅವನು ಮೆಲ್ಲಗೆ ಅವಳ ಭುಜಕ್ಕೆ ತಲೆಯಿಟ್ಟ. ಅವಳು ಕಾಲು ಗಟ್ಟಿಯಾಗಿ ಊರಿ ನಿಂತಳು.

ಮಂಜಿನಾಚೆ ನೀರು ಮತ್ತೆ ದೀರ್ಘವಾಗಿ ಕರೆಯಿತು.

"ಕೇಳಿಸ್ತಾ?" ಎಂದ ಅವನು, ಮಗುವಿನಂತೆ. "ಅಮ್ಮ ಕರೀತಿದ್ದಾಳೆ ಅನ್ಸುತ್ತೆ..."

"ಕರೀಲಿ," ಎಂದಳು ಅವಳು, ಅವನನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಇಲ್ಲಿಂದಲೇ ಓಗೊಡೋಣ."